ಎಲ್ಲಕ್ಕೂ ಐದು

ಒಂಬತ್ತನೇ ತಿಂಗಳು, ಒಂದನೇ ದಿನ

ಇವತ್ತು ವ್ರತ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಬೆಳ್ಳುಳ್ಳಿ ಈರುಳ್ಳಿಯಿಲ್ಲ. ಎದ್ದು ಮುಖ ತೊಳೆದು ಅಲ್ಮೇರಾ ಬಾಗಿಲು ತೆರೆದು ಕುವಾನ್‌ಯಿನ್ ತಾಯಿಗೆ ಕೈ ಮುಗಿದೆ. ಶಾಲೆಯಲ್ಲಿ ದೇವರ ಪಟ ಕಾಣಬಾರದು ಎಂದು ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ತೆರೆದರೆ ದೇವಸ್ಥಾನ, ಮುಚ್ಚಿದರೆ ಅಲ್ಮೇರಾ. ನಾನು ಈ ಹಾಸ್ಟೆಲಿನ ವಾರ್ಡನ್ ಆದ ಎಂಟು ವರ್ಷದಿಂದ ತಾಯಿ ನನ್ನ ಬಾಚಣಿಗೆಯ ಪಕ್ಕದಲ್ಲೇ ಇದ್ದಾಳೆ, ಬೇಸರ ಪಟ್ಟುಕೊಂಡಂತೆ ಕಾಣುವುದಿಲ್ಲ.

ಆಮೇಲೆ ಬಾಯ್ಲರ್ ಹಚ್ಚಿ, ಹಾಸ್ಟೆಲಿನ ಬೀಗ ತೆಗೆದು, ಮೆಟ್ಟಿಲು ಗುಡಿಸಿ, ಹುಡುಗಿಯರನ್ನೆಲ್ಲ ಎಬ್ಬಿಸಿ ರಜಾಯಿ ಮಡಿಸಿದ್ದಾರೆಯೇ ಎಂದು ನೋಡಿದೆ. ನಲವತ್ತಾರು ರಜಾಯಿಗಳಲ್ಲಿ ನಲವತ್ತೈದು ತೋಫು ಕತ್ತರಿಸಿಟ್ಟ ಹಾಗೆ ಚೌಕವಾಗಿದ್ದವು. ನಲವತ್ತಾರನೆಯದು ಬೆಕ್ಕು ಮಲಗಿ ಎದ್ದ ಬುಟ್ಟಿಯ ಹಾಗಿತ್ತು. ಅದು ಲ್ಯಾವ್ ತಾಂಗ್‌ಲಿಯದು. ಬೇರೆ ಯಾರದ್ದಿರುತ್ತದೆ?

ಈ ಹುಡುಗಿಗೆ ಹದಿಮೂರು ವರ್ಷ. ಬೆಟ್ಟದ ಆಚೆಯ ಹಳ್ಳಿಯವಳು. ಅಪ್ಪ ಅಮ್ಮ ದೂರದ ಕಾರ್ಖಾನೆಯಲ್ಲಿ, ಮನೆಯಲ್ಲಿ ತಾತ ಒಬ್ಬನೇ. ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳಂತೆ. ಅಯ್ಯೋ ಪಾಪ ಎಂದು ನನಗೂ ಅನಿಸುತ್ತದೆ. ಆದರೆ ಅಳುವುದಕ್ಕೂ ಒಂದು ಮರ್ಯಾದೆ ಇರುತ್ತದಲ್ಲ? ಇವಳು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ನಿಂತು, ಎಲ್ಲರ ಎದುರಿಗೆ, ಬಾಯಿ ಬಿಟ್ಟು ಅಳುತ್ತಾಳೆ. ಅತ್ತಾದ ಮೇಲೆ ಮೂಗು ಒರೆಸಿಕೊಂಡು ನನ್ನ ಹತ್ತಿರ ಬರುತ್ತಾಳೆ.

"ಚಿಕ್ಕಮ್ಮಾ, ಇನ್ನೊಂದು ಫ್ಲಾಸ್ಕ್ ಬಿಸಿನೀರು ಕೊಡ್ತೀರಾ? ಮುಖ ಉರೀತಿದೆ."

"ಒಬ್ಬೊಬ್ಬರಿಗೆ ಒಂದೊಂದೇ ಫ್ಲಾಸ್ಕ್ ಅಂತ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಕೇಳ್ತಿದೀನಿ."

ಕೊಟ್ಟೆ. ಆಮೇಲೆ ಹಾಸ್ಟೆಲಿನ ಪುಸ್ತಕದಲ್ಲಿ ಬರೆದೆ: 'ಮೂರನೇ ನಲ್ಲಿ ಸೋರುತ್ತಿದೆ. ತಾಂಗ್‌ಲಿ ಅತ್ತಳು.' ನಲ್ಲಿ, ಬಲ್ಬು, ಜ್ವರ, ಎಲ್ಲವನ್ನೂ ಬರೆಯಬೇಕೆಂದು ನಿಯಮ. ನಮ್ಮ ಕಾಲದಲ್ಲಿ ಕಹಿಯನ್ನು ನುಂಗಿ ಮೇಲೆ ನೀರು ಕುಡಿಯುತ್ತಿದ್ದೆವು. ನನ್ನ ಗಂಡ ಸತ್ತಾಗ ನಾನು ಎಷ್ಟು ಅತ್ತೆ ಎಂದು ಪಕ್ಕದ ಮನೆಯವರಿಗೂ ಗೊತ್ತಿಲ್ಲ.

ಮೊಣಕಾಲಿನ ನೋವು ಇವತ್ತೂ ಸ್ವಲ್ಪ ಹಾಗೇ.

ಒಂಬತ್ತನೇ ತಿಂಗಳು, ಮೂರು

ಪ್ರಾಂತ್ಯದ ದೊಡ್ಡ ಊರಿನ ವಿಶ್ವವಿದ್ಯಾಲಯದಿಂದ ಒಂದು ಕಟ್ಟು ಕಾಗದ ಬಂದಿದೆ. ಹಾಸ್ಟೆಲಿನ ಮಕ್ಕಳ ಮನಸ್ಸು ಎಷ್ಟು ಗಟ್ಟಿ ಎಂದು ಅಳೆಯುತ್ತಾರಂತೆ. ಇಪ್ಪತ್ತೇಳು ವಾಕ್ಯ, ಒಂದೊಂದರ ಮುಂದೆ ಒಂದರಿಂದ ಐದರವರೆಗೆ ಅಂಕಿ. ಮಾತು ತಮಗೆ ಪೂರ್ತಿ ಹೊಂದಿದರೆ ಐದು, ಹೊಂದದಿದ್ದರೆ ಒಂದು. ಹಾಸ್ಟೆಲಿನ ಉಸ್ತುವಾರಿ ನೋಡುವ ಶ್ಯೇ ಮೇಷ್ಟ್ರು, ಗಣಿತದವರು, ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿಕೊಂಡು, "ಇದು ಪರೀಕ್ಷೆಯಲ್ಲ, ಮನಸ್ಸಿಗೆ ಬಂದದ್ದು ಬರೀರಿ. ಆದರೆ ಶಾಲೆಯ ಹೆಸರು ಮರೀಬೇಡಿ" ಎಂದರು. ಪಕ್ಕದ ಊರಿನ ಶಾಲೆಗೂ ಕಾಗದ ಹೋಗಿದೆಯಂತೆ. ತಾಲ್ಲೂಕಿನ ಒಳ್ಳೆಯ ಹಾಸ್ಟೆಲಿಗೆ ಕೊಡುವ ಕೆಂಪು ಬಾವುಟ ಈ ವರ್ಷ ನಮ್ಮ ಗೋಡೆಯ ಮೇಲಿದೆ.

ಇದು ಪರೀಕ್ಷೆಯಲ್ಲ ಎಂದರೆ ನಮ್ಮ ಮಕ್ಕಳು ನಂಬಿಬಿಡುತ್ತಾರೆಯೇ? ಸಂಜೆ ತೊಟ್ಟಿಯ ಹತ್ತಿರ ಹಾಸ್ಟೆಲ್ ಲೀಡರ್ ವೆನ್‌ಚಿ ಸಭೆ ಸೇರಿಸಿದ್ದಳು. ಯಾವಾಗಲೂ ಮೊದಲ ಸ್ಥಾನ ಬರುವ ಹುಡುಗಿ, ಜಡೆಯೂ ಸ್ಕೇಲಿಟ್ಟು ಹೆಣೆದ ಹಾಗೆ.

"ಜಾಸ್ತಿ ಯೋಚ್ನೆ ಮಾಡ್ಬೇಡಿ ಕಣ್ರೇ. ಐದು ಅಂದ್ರೆ ಜಾಸ್ತಿ ಅಂಕ. ಎಲ್ಲಕ್ಕೂ ಐದು ಹಾಕಿ. ಆಚೆ ಊರವ್ರು ನಾಲ್ಕು ಹಾಕಿ ಸಾಯ್ಲಿ."

ನಾನು ಬಟ್ಟೆ ಹಿಂಡುತ್ತ ಇದ್ದವಳು, "ಸರಿಯಾಗಿ ಹೇಳ್ದೆ ಮಗೂ. ಶಾಲೆ ಮಾನ ಉಳಿಸಿ" ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಬರೆದಿಡುತ್ತಿದ್ದೇನೆ.

ತಾಂಗ್‌ಲಿ ಒದ್ದೆ ಕಾಲುಚೀಲ ಹಿಡಿದುಕೊಂಡು ನಿಂತಿದ್ದಳು.

"ಚಿಕ್ಕಮ್ಮಾ, 'ನಾನು ಬೇಗ ಅಳುತ್ತೇನೆ' ಅಂತ ಒಂದು ಮಾತಿದೆ. ಅದಕ್ಕೂ ಐದು ಹಾಕ್ಬೇಕಾ?"

"ನಿನಗೆ ಆ ಐದು ಧಾರಾಳವಾಗಿ ಸಲ್ಲುತ್ತಮ್ಮ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ, "ಹಾಗಾದ್ರೆ ಮಿಕ್ಕಿದ್ದಕ್ಕೆ ಇರೋ ಹಾಗೇ ಬರೀತೀನಿ. ಸುಳ್ಳು ಬರೆದ್ರೆ ಅಳತೆ ಹೇಗಾಗುತ್ತೆ?" ಎಂದಳು.

ಹಟಮಾರಿ.

ನಾಲ್ಕು

ಮಗಳು ಆಯ್‌ಪಿಂಗ್ ಫೋನ್ ಮಾಡಿದ್ದಳು. "ಅಮ್ಮಾ, ಹೇಗಿದ್ದೀಯ?" ಎಂದಳು. "ಕಲ್ಲುಗುಂಡು" ಎಂದೆ. "ನೀನು?" "ನಾನೂ ಚೆನ್ನಾಗಿದೀನಮ್ಮ." ಇಬ್ಬರೂ ಚೆನ್ನಾಗಿದ್ದೆವು. ಒಂದು ನಿಮಿಷದಲ್ಲಿ ಮಾತು ಮುಗಿಯಿತು.

ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಎನ್ನುತ್ತದೆ. ಬಿಸಿ ಶುಂಠಿ ಕಟ್ಟಿದೆ.

ಎಂಟು

ಶ್ಯೇ ಮೇಷ್ಟ್ರು ಕಾಗದಗಳನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು ತಾವೇ ಕೂಡಿ ನೋಡಿದ್ದಾರೆ. ಗಣಿತದವರಲ್ಲವೇ, ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನಲವತ್ತೈದು ಹುಡುಗಿಯರಿಗೆ ನೂರಮೂವತ್ತೈದಕ್ಕೆ ನೂರಮೂವತ್ತೈದು. ಒಬ್ಬಳಿಗೆ ಎಪ್ಪತ್ತೊಂದು.

"ನೋಡಿ ಲಾಯಮ್ಮ, ಈ ಹುಡುಗಿ ಮನಸ್ಸು ಬಹಳ ದುರ್ಬಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಹೇಳೋರು? ಹಾಸ್ಟೆಲಲ್ಲಿ ಇಟ್ಟುಕೊಳ್ಳೋದು ಬೇಡ. ಮನೆಯಿಂದಲೇ ಓಡಾಡ್ಲಿ."

ಮನೆಯಿಂದ ಓಡಾಡುವುದು ಎಂದರೆ ಬೆಟ್ಟ ಹತ್ತಿ ಇಳಿದು, ಆಮೇಲೆ ವ್ಯಾನು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಅಂದರೆ ಓದು ಬಿಟ್ಟಂತೆಯೇ.

"ಅವಳು ಎಷ್ಟು ಸಲ ಅತ್ತಿದಾಳೆ ಅಂತ ನಿಮ್ಮ ಪುಸ್ತಕದಲ್ಲಿದೆಯಾ?"

ಪುಟ ತಿರುವಿ ಎಣಿಸಿದೆ. ಹನ್ನೊಂದು. ಅವರು ಅದನ್ನು ಬರೆದುಕೊಂಡು, "ನೀವು ಬಹಳ ಶಿಸ್ತಿನವರು" ಎಂದರು. ಐದನೇ ಕ್ಲಾಸು ಓದಿದ ನನಗೆ ಒಬ್ಬ ಮೇಷ್ಟ್ರು ಹಾಗೆಂದರೆ ಸಂತೋಷವಾಗದೆ ಇರುತ್ತದೆಯೇ? ಅಡುಗೆಮನೆಯವರೆಗೂ ಸಂತೋಷವಿತ್ತು. ಅಲ್ಲಿ ಅನ್ನ ಬಡಿಸುವ ಚೊಂಗ್ ಕೇಳಿದ, "ಏನಕ್ಕಾ, ಮುಖ ಯಾಕೆ ಉಪ್ಪಿಗೆ ಹಾಕಿದ ಮೂಲಂಗಿ ಹಾಗಿದೆ?"

ನನ್ನ ಮುಖ ಹಾಗೇನೂ ಇರಲಿಲ್ಲ.

ಹನ್ನೊಂದು

ಯಾರು ಹೇಳಿದರೋ, ತಾಂಗ್‌ಲಿಗೆ ಗೊತ್ತಾಗಿದೆ. ಮೂರು ದಿನದಿಂದ ಅತ್ತಿಲ್ಲ. ರಜಾಯಿ ಚೌಕವಾಗಿ ಮಡಿಸುತ್ತಾಳೆ. ಎರಡನೇ ಫ್ಲಾಸ್ಕ್ ಕೇಳುವುದಿಲ್ಲ. ಹಾಸ್ಟೆಲ್ ಶಾಂತವಾಗಿದೆ. ಒಳ್ಳೆಯದೇ ಆಯಿತು.

ಅನ್ನ ಅರ್ಧ ಬಿಟ್ಟಳು ಎಂದು ಚೊಂಗ್ ಹೇಳಿದ.

ಹನ್ನೆರಡು

ಪೂರ್ತಿ ಬಿಟ್ಟಳು.

ಹದಿಮೂರು

ಇವತ್ತಿನದು ನಗೆಪಾಟಲು. ಸಂಜೆ ಎರಡೂ ಕೈಯಲ್ಲಿ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮಂಡಿ ಮಡಚಿಕೊಂಡಿತು. ಒಂದು ಫ್ಲಾಸ್ಕ್ ಹೊಸ ವರ್ಷದ ಪಟಾಕಿಯ ಹಾಗೆ ಸಿಡಿಯಿತು. ನಾನು ಮೂರು ಮೆಟ್ಟಿಲು ಜಾರಿ ಕುಂತುಬಿಟ್ಟೆ. ಪುಣ್ಯಕ್ಕೆ ನೀರು ಗೋಡೆಯ ಕಡೆ ಹೋಯಿತು, ತಾಯಿ ಕಾಪಾಡಿದಳು.

ನಲವತ್ತೈದು ಗಟ್ಟಿ ಮನಸ್ಸಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ಗೊಂಬೆಗಳ ಹಾಗೆ ನಿಂತರು. ನಾನೂ, "ಏನಿಲ್ಲ, ಏನಿಲ್ಲ, ಹೋಗಿ ಓದ್ಕೊಳ್ಳಿ" ಎಂದೆ. ತಾಂಗ್‌ಲಿ ಮಾತ್ರ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕಿರುಚಿದಳು.

"ಏನಿಲ್ಲ ಅಂದ್ರೆ ಮುಖ ಯಾಕೆ ಹಿಂಡ್ತಿದೀರ? ನೋಯ್ತಿದೆ ತಾನೇ? ನೋಯ್ತಿದ್ರೆ ಹೇಳ್ಬೇಕು ಚಿಕ್ಕಮ್ಮಾ! ವೆನ್‌ಚಿ, ಪೊರಕೆ ತಗೊಂಬಾ. ನೀವಿಬ್ಬರು ಈ ಕಡೆ ಹಿಡ್ಕೊಳ್ಳಿ. ಗಾಜು ಇದೆ, ಬರೀ ಕಾಲಲ್ಲಿ ಬರ್ಬೇಡ್ರೇ!"

ಮೊದಲ ಸ್ಥಾನದ ವೆನ್‌ಚಿ ಪೊರಕೆ ತರಲು ಓಡಿದಳು. ನನ್ನನ್ನು ಕೋಣೆಗೆ ಎತ್ತಿ ತಂದು ಕೂರಿಸಿದರು. ಎಲ್ಲರೂ ಹೋದ ಮೇಲೆ ತಾಂಗ್‌ಲಿ ಬಾಗಿಲಲ್ಲೇ ನಿಂತಿದ್ದಳು.

"ನೀವು ಪುಸ್ತಕದಲ್ಲಿ ಬರೆದಿದ್ರಂತೆ" ಎಂದಳು.

"ಬರೆದೆ" ಎಂದೆ. ಸುಳ್ಳು ಹೇಳಲಿಲ್ಲ.

ಆಮೇಲೆ ಅವಳು ಹೇಳಿದಳು, "ನಮ್ಮಜ್ಜಿ ಹೊಟ್ಟೆನೋವು ಅಂತ ಒಂದಿನಾನೂ ಹೇಳ್ಲಿಲ್ಲ. ಕೇಳಿದ್ರೆ ನಿಮ್ಮ ಹಾಗೇ, ಏನಿಲ್ಲ ಏನಿಲ್ಲ ಅಂತಿದ್ರು. ಡಾಕ್ಟ್ರು, ಮೊದ್ಲೇ ಕರ್ಕೊಂಬಂದಿದ್ರೆ ಅಂದ್ರು. ಅವತ್ತೇ ಅಂದ್ಕೊಂಡೆ, ನಾನು ಹೇಳ್ತೀನಿ, ಅಳ್ತೀನಿ, ಯಾರು ನಕ್ಕರೂ ಸರಿ ಅಂತ."

ಡಬ್ಬಿಯಲ್ಲಿದ್ದ, ಎಳ್ಳು ಕಡಲೆಕಾಯಿ ಸೇರಿಸಿ ಅರೆದ ಚಹಾಪುಡಿಗೆ ಬಿಸಿನೀರು ಹಾಕಿ ಕೊಟ್ಟೆ. ಎರಡು ಬಟ್ಟಲು ಕುಡಿದಳು. ಮೂರನೆಯದು ಕೇಳಿದಳು.

ಕೇಳಿದ್ದು ನನಗೆ ಹಾಯೆನಿಸಿತು. ಯಾಕೋ ಗೊತ್ತಿಲ್ಲ.

ಹದಿನೈದು, ಹುಣ್ಣಿಮೆ

ವ್ರತ. ಸೋಯಾ ಹಾಲು, ಬೇಯಿಸಿದ ಗೆಣಸು. ಫ್ಲಾಸ್ಕುಗಳನ್ನು ಹುಡುಗಿಯರೇ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನಾನೇನೂ ಹೇಳಿರಲಿಲ್ಲ. ಹೇಳಿದ್ದೆನೋ ಏನೋ, "ಒಂದು ಕೈ ಕೊಡ್ರಮ್ಮಾ" ಎಂದಷ್ಟೇ.

ಮಧ್ಯಾಹ್ನ ವಿಶ್ವವಿದ್ಯಾಲಯದ ಯಿನ್ ಮೇಡಂ ಬಂದರು. ಮೂವತ್ತೂ ತುಂಬದ ಹುಡುಗಿ, ಬೆನ್ನಿಗೆ ದೊಡ್ಡ ಚೀಲ. ಬೆಟ್ಟದ ತಿರುವುಗಳಿಗೆ ಬಸ್ಸಿನಲ್ಲಿ ವಾಂತಿ ಮಾಡಿ ಮುಖ ಸೌತೆಕಾಯಿ ಬಣ್ಣವಾಗಿತ್ತು. ಹೆಡ್‌ಮಾಸ್ಟರು ಸ್ವಾಗತ ಭಾಷಣ ಶುರು ಮಾಡಿದರೆ, ಅವರು, "ಸರ್, ನನಗೆ ತಲೆ ಸುತ್ತುತ್ತಿದೆ, ಮೊದಲು ಕೂರ್ತೀನಿ, ಯಾರಾದ್ರೂ ಬಿಸಿನೀರು ಕೊಡಿ" ಎಂದರು. ಅಷ್ಟು ಓದಿದವರಿಗೂ ಕೇಳಲು ನಾಚಿಕೆಯಿಲ್ಲ! ಚೊಂಗ್ ಶುಂಠಿನೀರು ಕೊಟ್ಟ.

ಊಟದ ಮನೆಯಲ್ಲೇ ಕೂತು ಕಾಗದ ಬಿಚ್ಚಿದರು. ಒಂದು ನೋಡಿದರು, ಎರಡು ನೋಡಿದರು, ಹತ್ತು ನೋಡಿದರು. ತುಟಿ ಬಿಗಿಹಿಡಿದರು. ಕೊನೆಗೆ ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕುಬಿಟ್ಟರು.

"ಶ್ಯೇ ಸರ್, ಇಲ್ಲಿ ಕೇಳಿ. 'ಕಷ್ಟ ಬಂದರೆ ಹೇಳಿಕೊಳ್ಳಲು ನನಗೆ ಜನರಿದ್ದಾರೆ.' ಐದು. 'ಕಷ್ಟ ಬಂದರೆ ನಾನು ಯಾರಿಗೂ ಹೇಳುವುದಿಲ್ಲ.' ಅದಕ್ಕೂ ಐದು! 'ಸೋತರೆ ಮತ್ತೆ ಏಳುತ್ತೇನೆ.' ಐದು. 'ಸೋತರೆ ಎದ್ದೇಳಲಾರೆ.' ಐದು! ನಿಮ್ಮ ಮಕ್ಕಳು ಒಂದೇ ಸಲ ಬಿದ್ದೂ ಇದಾರೆ, ಎದ್ದೂ ನಿಂತಿದಾರೆ."

ಹನ್ನೆರಡು ವಾಕ್ಯಗಳನ್ನು ಬೇಕೆಂದೇ ತಿರುಗಿಸಿ ಬರೆದಿರುತ್ತಾರಂತೆ. ಅವುಗಳಲ್ಲಿ ಐದು ಎಂದರೆ ಗಟ್ಟಿತನವಲ್ಲ, ಕಷ್ಟ. ಅಲ್ಲಿ ಐದು ಹಾಕಿದರೆ ಒಂದೆಂದು ಎಣಿಸಬೇಕು, ಒಂದು ಹಾಕಿದರೆ ಐದೆಂದು. ಶ್ಯೇ ಮೇಷ್ಟ್ರು ಪೆನ್ನು ತೆಗೆದರು. ನಲವತ್ತೈದು ಹುಡುಗಿಯರಿಗೆ ಎಂಬತ್ತೇಳು ಬಂತು. ತಾಂಗ್‌ಲಿಯದು ತೊಂಬತ್ತೊಂಬತ್ತು. ಮತ್ತೆ ಕೂಡಿದರು. ಮತ್ತೂ ತೊಂಬತ್ತೊಂಬತ್ತು.

ಚೊಂಗ್ ಸೌಟು ಹಿಡಿದುಕೊಂಡೇ, "ಹಾಗಾದ್ರೆ ಕೆಂಪು ಬಾವುಟ ಆ ಹುಡುಗಿ ಮಂಚಕ್ಕೆ ಕಟ್ರಪ್ಪ!" ಎಂದ.

"ಆ ಎಂಬತ್ತೇಳು ಲೆಕ್ಕಕ್ಕೇ ಬರಲ್ಲ. ನಿಜವಾಗಿ ಬರೆದ ಕಾಗದ ಇಲ್ಲಿ ಇದೊಂದೇ. ಮಿಕ್ಕವರಿಗೆ ಮತ್ತೆ ಕೊಡ್ಬೇಕು" ಎಂದರು ಯಿನ್ ಮೇಡಂ.

ನಾನು ಮನಸ್ಸಿನಲ್ಲೇ ತಾಯಿಗೆ ಕೈ ಮುಗಿದೆ. ಆದರೆ ಶ್ಯೇ ಮೇಷ್ಟ್ರ ಕಿವಿ ಕೆಂಪಾಗಿತ್ತು.

"ಅಂಕಿ ಬಿಡಿ ಮೇಡಂ. ಈ ಹುಡುಗಿ ಹನ್ನೊಂದು ಸಲ ಅತ್ತಿದಾಳೆ. ವಾರ್ಡನ್ನೇ ತಮ್ಮ ಕೈಯಾರೆ ಬರೆದಿದಾರೆ. ಅದಕ್ಕೇನಂತೀರ? ಜವಾಬ್ದಾರಿ ಯಾರದು?"

ಎಲ್ಲರೂ ನನ್ನ ಕಡೆ ತಿರುಗಿದರು. ಯಿನ್ ಮೇಡಂ ಒಂದು ಕಾಗದ ನನ್ನ ಮುಂದಿಟ್ಟರು.

"ದಿನಾ ಮಕ್ಕಳನ್ನ ನೋಡೋರು ನೀವು. ಆ ಹುಡುಗಿ ಬಗ್ಗೆ ನಿಮಗೆ ಕಂಡದ್ದು ಬರೆದುಕೊಡಿ. ಹತ್ತೊಂಬತ್ತನೇ ದಿನದವರೆಗೂ ಇಲ್ಲೇ ಇರ್ತೀನಿ."

ಶ್ಯೇ ಮೇಷ್ಟ್ರು ಒಪ್ಪಿದರು. "ಆಗ್ಲಿ. ಲಾಯಮ್ಮ ಸಹಿ ಹಾಕಿ ಜವಾಬ್ದಾರಿ ಹೊತ್ಕೊಂಡ್ರೆ ಹುಡುಗಿ ಇರ್ಲಿ. ಇಲ್ಲಾಂದ್ರೆ ತಾತನ್ನ ಕರೆಸ್ತೀನಿ."

ಹದಿನಾರು

ಬರೆಯಲು ಕೂತೆ. ಒಂದು ಸಾಲೂ ಬರಲಿಲ್ಲ. ಮೇಡಂ ಹತ್ತಿರ ಇಪ್ಪತ್ತೇಳು ವಾಕ್ಯಗಳ ಖಾಲಿ ಕಾಗದವೊಂದನ್ನು ಕೇಳಿ ತಂದಿದ್ದೆ. ಅಭ್ಯಾಸಕ್ಕೆ ಇರಲಿ ಎಂದು ನನ್ನ ಮಟ್ಟಿಗೆ ನಾನೇ ತುಂಬಿದೆ. ವ್ರತ ಹಿಡಿದವಳು ಸುಳ್ಳು ಬರೆಯಬಾರದೆಂದು ಇದ್ದದ್ದನ್ನು ಇದ್ದ ಹಾಗೇ ಹಾಕಿದೆ. 'ಕಷ್ಟ ಬಂದರೆ ಯಾರಿಗೂ ಹೇಳುವುದಿಲ್ಲ.' ಐದು. 'ಮನೆಯವರೊಂದಿಗೆ ಮನಸ್ಸು ಬಿಚ್ಚಿ ಮಾತಾಡುತ್ತೇನೆ.' ಒಂದು. ತಿರುಗಿಸುವುದನ್ನು ತಿರುಗಿಸಿ ಬೆರಳಲ್ಲಿ ಕೂಡಿದೆ.

ಅರವತ್ತಾರು.

ಕೂಡಿದ್ದು ತಪ್ಪಿರಬೇಕು.

ಹದಿನೇಳು

ತಪ್ಪಿಲ್ಲ. ವೆನ್‌ಚಿ ಹತ್ತಿರ, ಯಾರದೆಂದು ಹೇಳದೆ, ಕೂಡಿಸಿದೆ. "ಅಯ್ಯೋ, ಯಾರಿದು ಪಾಪ? ಇವ್ರನ್ನ ಮನೆಗೆ ಕಳಿಸ್ಬೇಕಾಗುತ್ತೆ" ಎಂದಳು!

ಮಧ್ಯಾಹ್ನ ಆಯ್‌ಪಿಂಗ್ ಫೋನ್ ಬಂತು. "ಹೇಗಿದ್ದೀಯಮ್ಮ?" ಎಂದಳು. ಕಲ್ಲುಗುಂಡು ಎನ್ನಲು ಬಾಯಿ ತೆರೆದೆ, "ಮಂಡಿ ಹೋಗಿದೆ ಕಣೇ, ಮೆಟ್ಟಿಲ ಮೇಲೆ ಬಿದ್ದೆ" ಎಂದು ಬಂತು. ಆಮೇಲೆ ಬೈದಳು ನೋಡಿ! ಯಾವಾಗಿನಿಂದ, ಯಾಕೆ ಹೇಳಲಿಲ್ಲ, ನಾನೇನು ಸತ್ತುಹೋಗಿದ್ದೆನಾ. ಬೈದು ಬೈದು ಅತ್ತಳು. ಅತ್ತ ಮೇಲೆ, ತನ್ನ ಅತ್ತೆಯ ಜೊತೆ ಎರಡು ತಿಂಗಳಿಂದ ಮಾತಿಲ್ಲ ಎಂದಳು. "ಯಾಕೆ ಹೇಳ್ಲಿಲ್ವೇ?" ಎಂದು ನಾನೂ ಬೈದೆ. ಐವತ್ತು ನಿಮಿಷ ಬೈದುಕೊಂಡೆವು. ಇಷ್ಟು ಚೆನ್ನಾಗಿ ಮಾತಾಡಿ ಎಷ್ಟು ವರ್ಷವಾಗಿತ್ತೋ.

ತಾಲ್ಲೂಕು ಆಸ್ಪತ್ರೆಗೆ ಚೊಂಗ್ ತನ್ನ ಮೂರುಚಕ್ರದ ಗಾಡಿಯಲ್ಲಿ, ಎಲೆಕೋಸಿನ ಮೂಟೆಗಳ ನಡುವೆ ಕೂರಿಸಿಕೊಂಡು ಹೋದ. "ಕೇಳೋಕೆ ಎಂಟು ವರ್ಷ ಬೇಕಾಯ್ತಲ್ಲಕ್ಕ ನಿನಗೆ!" ಎಂದು ದಾರಿಯುದ್ದಕ್ಕೂ ರೇಗಿಸಿದ. ಮಂಡಿಗೆ ಪಟ್ಟಿ ಕಟ್ಟಿ, ಹತ್ತು ದಿನ ಮೆಟ್ಟಿಲು ಇಳಿಯಬೇಡಿ ಎಂದಿದ್ದಾರೆ ಡಾಕ್ಟರು. ವಾಪಸ್ ಬಂದಾಗ ಹುಡುಗಿಯರು ಕುರ್ಚಿಯಲ್ಲಿ ಕೂರಿಸಿ, ಮದುವಣಗಿತ್ತಿಯ ಪಲ್ಲಕ್ಕಿಯ ಹಾಗೆ ಮಹಡಿಗೆ ಹೊತ್ತರು. ಒಬ್ಬಳು ಬಾಯಲ್ಲೇ ವಾಲಗ ಊದಿದಳು. ನಾಚಿಕೆಯಾಗಿ ಸತ್ತೆ.

ನಾನು ಮೊದಲಿನ ಹಾಗೇ ಇದ್ದೇನೆ. ಮಂಡಿ ಮಾತ್ರ ಹೀಗಾಗಿದೆ.

ಹತ್ತೊಂಬತ್ತು, ಕುವಾನ್‌ಯಿನ್ ತಾಯಿಯ ದಿನ

ವ್ರತ. ತಾಯಿಗೆ ಐದು ಕಿತ್ತಳೆ ಇಟ್ಟೆ. ಬಾಯ್ಲರ್ ಕೆಲಸ ಚೊಂಗ್ ಮಾಡಿದ, ಮೆಟ್ಟಿಲು ವೆನ್‌ಚಿ ಗುಡಿಸಿದಳು, ಮೂಲೆ ಬಿಟ್ಟಿದ್ದಾಳೆ.

ನಿನ್ನೆ ಯಿನ್ ಮೇಡಂ ಹುಡುಗಿಯರಿಗೆ ಮತ್ತೆ ಕಾಗದ ಕೊಟ್ಟರು. ಶ್ಯೇ ಮೇಷ್ಟ್ರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಬಾವುಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅರ್ಧದಲ್ಲಿ ಯಾರೋ ಮೂಗು ಸೊರಸೊರ ಮಾಡಿದರಂತೆ. ನೋಡಿದರೆ ವೆನ್‌ಚಿ! ತನಗೆ ಲೀಡರ್ ಆಗಿರುವುದು ಸಾಕಾಗಿದೆ ಎಂದು ಅತ್ತಳಂತೆ. ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಸಂಜೆ ನನ್ನ ಕಿಟಕಿಯಿಂದ ನೋಡಿದರೆ, ತೊಟ್ಟಿಯ ಹತ್ತಿರ ಕೆಂಪು ಕಣ್ಣಿನ ಹುಡುಗಿಯರ ಸಾಲೇ ನಿಂತಿತ್ತು. ತಾಂಗ್‌ಲಿ ಎಲ್ಲರ ಮುಖಕ್ಕೂ ಬಿಸಿನೀರಿನ ಬಟ್ಟೆ ಒತ್ತುತ್ತ, "ಉರಿ ಇಳಿಯುತ್ತೆ ಕಣ್ರೇ, ನಂಗೆ ಅನುಭವ ಇದೆ" ಎನ್ನುತ್ತಿದ್ದಳು. ನಲವತ್ತಾರು ಹುಡುಗಿಯರಿಗೆ ಐವತ್ತೊಂಬತ್ತು ಫ್ಲಾಸ್ಕ್ ಖಾಲಿ. ಪುಸ್ತಕದಲ್ಲಿ 'ಬಿಸಿನೀರು ಸಾಲಲಿಲ್ಲ' ಎಂದಷ್ಟೇ ಬರೆದೆ.

ಇವತ್ತು ಬೆಳಿಗ್ಗೆ ರಜಾಯಿಗಳನ್ನೆಲ್ಲ ಮಹಡಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕಿಸಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಂದೊಂದನ್ನೂ ಒತ್ತಿ ನೋಡಿದೆ. ಒತ್ತಿದರೆ ಎಲ್ಲವೂ ತಗ್ಗುತ್ತವೆ. ಕೈ ತೆಗೆದ ಮೇಲೆ ನೋಡಬೇಕು. ಆಗ ಉತ್ತರ ತಾನಾಗಿ ಬಂತು. ಕರಡನ್ನು ಇಲ್ಲಿ ಬರೆದಿಡುತ್ತೇನೆ:

ಶ್ಯೇ ಮೇಷ್ಟ್ರಿಗೆ ಮತ್ತು ಯಿನ್ ಮೇಡಂಗೆ.

ಲ್ಯಾವ್ ತಾಂಗ್‌ಲಿ ಹನ್ನೊಂದು ಸಲ ಅತ್ತದ್ದು ನಿಜ, ಬರೆದವಳು ನಾನೇ. ಆದರೆ ಅತ್ತಾದ ಮೇಲೆ ಏನು ಮಾಡಿದಳು ಎಂದು ನಾನು ಬರೆಯಲಿಲ್ಲ. ಅದು ನನ್ನ ತಪ್ಪು. ಈಗ ಬರೆಯುತ್ತೇನೆ. ಮೊದಲನೇ ಸಲ ಅತ್ತು ಮುಖ ತೊಳೆದು ಎರಡು ಬಟ್ಟಲು ಅನ್ನ ಉಂಡಳು. ಇನ್ನೊಂದು ಸಲ ಅತ್ತು, ಗಣಿತದಲ್ಲಿ ತಪ್ಪಿದ್ದನ್ನು ವೆನ್‌ಚಿಯನ್ನು ಕೇಳಿ ತಿದ್ದಿಕೊಂಡಳು. ಅದು ನೀವು ಕೊಟ್ಟ ಲೆಕ್ಕವೇ ಮೇಷ್ಟ್ರೇ. ಮತ್ತೊಂದು ಸಲ ಅತ್ತು ತಾತನಿಗೆ ಕಾಲುಚೀಲ ಹೆಣೆದಳು, ಒಂದು ಉದ್ದ ಒಂದು ಗಿಡ್ಡ. ಉಳಿದವೆಲ್ಲ ನೆನಪಿಲ್ಲ, ಆದರೆ ಎದ್ದು ತನ್ನ ಕೆಲಸಕ್ಕೆ ಹೋಗದ ದಿನ ಒಂದೂ ಇಲ್ಲ. ನಾವೆಲ್ಲ ಸೇರಿ ಅವಳ ಬಾಯಿ ಮುಚ್ಚಿಸಿದ ಆ ಕೆಲವು ದಿನ ಮಾತ್ರ ಅನ್ನ ಬಿಟ್ಟಳು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಬಿದ್ದಾಗ ನನ್ನನ್ನು ಎಬ್ಬಿಸಿದವಳು ಅವಳೇ.

ಇದೇ ಕಾಗದ ನಾನೂ ತುಂಬಿದ್ದೇನೆ. ನನಗೆ ಅರವತ್ತಾರು ಬಂದಿದೆ. ಕಡಿಮೆ ಅಂಕದವರನ್ನು ಮನೆಗೆ ಕಳಿಸುವುದಾದರೆ ಮೊದಲು ನನ್ನನ್ನು ಕಳಿಸಿ. ಬಾಯ್ಲರಿಗೆ ಬೇರೆ ಜನ ನೋಡಿಕೊಳ್ಳಿ, ಚೊಂಗ್ ಹಚ್ಚಿದರೆ ಹೊಗೆ.

ಹುಡುಗಿ ಇಲ್ಲೇ ಇರಲಿ. ಜವಾಬ್ದಾರಿ ನನ್ನದು. ಸಹಿ ಹಾಕಿ ಕೆಂಪು ಹೆಬ್ಬೆಟ್ಟೂ ಒತ್ತಿದ್ದೇನೆ.

(ಇದು ಬೇರೆ ಚೀಟಿ, ಮೊದಲು ವೆನ್‌ಚಿ ಕೈಯಲ್ಲಿ ಕಳಿಸುತ್ತೇನೆ.) ಮೇಷ್ಟ್ರೇ, ಡಾಕ್ಟರು ಮೆಟ್ಟಿಲು ಇಳಿಯಬೇಡ ಎಂದಿದ್ದಾರೆ. ಹುಡುಗಿಯ ವಿಷಯದ ಕಾಗದವನ್ನು ಹುಡುಗಿಯರ ಕೈಯಲ್ಲಿ ಕಳಿಸುವುದು ಸರಿಯಲ್ಲ. ಗಂಡಸರು ಮಹಡಿ ಹತ್ತಬಾರದು ಎಂಬ ನಿಯಮ ನೀವೇ ಬರೆದದ್ದು. ಆದ್ದರಿಂದ ನನ್ನ ಕಿಟಕಿಯ ಕೆಳಗೆ ಬಂದು ಗಟ್ಟಿಯಾಗಿ ಕೂಗಿ. ಹಗ್ಗದಲ್ಲಿ ಬುಟ್ಟಿ ಇಳಿಸುತ್ತೇನೆ. ಉತ್ತರ ಕಿತ್ತಳೆಗಳ ಕೆಳಗಿದೆ. ದಯವಿಟ್ಟು ನೀವೇ ಬಂದು ತೆಗೆದುಕೊಂಡು ಹೋಗಿ.